ಎಲ್ಲಿ ತನಕ ಬಂದದ

ಗುಂಡಿ ಒತ್ತಿದರ ಟಿಕ್ ಅಂತ ಸುದ್ದಾ ಅನ್ನಲಿಲ್ಲ.
ಹಾರ್ನು ಓಣಿ ಎಬ್ಬಿಸೋಹಂಗ ಕೂಗತದ,
ಮುಂದಿನ ದೀಪ ಹತ್ತತದ,
ಇದು ಮಾತ್ರ ಮುನಿಸಿಕೊಂಡ ಬೀಗರ ಹಂಗ
ಗಪ್ ಕುಂತದ.

‘ಕಿಕ್ ಹೊಡೀರಿ’ ಅಂದ್ರು ಚಹಾದಂಗಡಿ ಮಂದಿ.
ಬಗಲಿಗೆ ಹಚ್ಚಿದ ಎರಡು ಗಾಲಿ ನೋಡಿ
ನಾಲಿಗಿ ಕಚ್ಚಿಕೊಂಡ್ರು.

ನನ್ನ ಬಲಗಾಲು ಮೂರನೇ ವರ್ಷಕ್ಕ
ಒಂದು ಜ್ವರದಾಗ ನಿಂತದ. ಇರಲಿ,
ಅದರ ಅರ್ಜಿ ಯಾರಿಗೂ ಬರದಿಲ್ಲ ನಾ.
ಹತ್ತೊಂಬತ್ತು ವರ್ಷ ಆತು ಕಲಬುರಗಿಯೊಳಗ
ಮಿನಿ ವಿಧಾನಸೌಧದ ಮುಂದ ಛತ್ರಿ ಕೆಳಗ ಕುಂತು
ಮಂದಿ ಹೆಬ್ಬಟ್ಟು ಹಿಡಿದು ಮಸಿಗೆ ಒತ್ತಸ್ತೀನಿ.
ಮುಂಜಾನಿ ಸಂಜಿ ನನ್ನ ಹೆಬ್ಬಟ್ಟು
ಈ ಗುಂಡಿಗೆ.

ಇಬ್ಬರು ಹುಡುಗರು ನೂಕಿದ್ರು
ಹುಮನಾಬಾದ್ ಬೇಸಿನ ತನಕ,
ಡಾಂಬರು ಚಪ್ಪಲಿಗೆ ಅಂಟೋ ಬಿಸಲು.
ಬೇವಿನ ಗಿಡದ ಬುಡಕ ಲಾಡ್ಲೇಸಾಬ.
‘ಬ್ಯಾಟರಿ ಹೊಸಾದು ಹಾಕಸೀರಿ?’
‘ಹದಿನಾಕ್ನೂರು ಕೊಟ್ಟು.’
‘ರಿಲೇ?’
‘ಅದೂ.’
ಆತ ನಗಲಿಲ್ಲ. ಅದೇ ಚೊಲೋ ಅನಿಸ್ತು.

ಸೀಟು ಎತ್ತಿ, ಪಾನಾ ಬಿಟ್ಟು, ಸ್ಕ್ರೂಡ್ರೈವರ್ ತಗೊಂಡು
ರಿಲೇದ ಎರಡು ದಪ್ಪ ಬೋಲ್ಟಿನ ಮ್ಯಾಲ ಅಡ್ಡ ಇಟ್ಟ.
ಚಟ್ ಅಂತ ಕಿಡಿ,
ಹೊಟ್ಟಿಯೊಳಗ ಗರ್‌ ಗರ್ ಅಂತು ಮೋಟಾರು.
‘ಜೀವ ಅದ ಅಕ್ಕಾ. ಬ್ಯಾಟರಿನೂ ಖರೇ.
ಹುಕುಂ ಬರವಲ್ದು ಅಷ್ಟ.’

ಹುಕುಂ ಅಂದಕೂಡ್ಲೆ ನನಗ ತಿಳೀತು.
ಕರೆಂಟು ಅಂದ್ರ ಟಪಾಲು.
ಫ್ಯೂಜಿನ ಮೇಜು, ಚಾವಿ ಮೇಜು,
ಬ್ರೇಕಿನ ಮೇಜು, ಗುಂಡಿ ಮೇಜು,
ಕಡೀಕ ಸಾಹೇಬರ ಸಹಿ.
ಸಾಹೇಬರನ್ನ ಬೈದುಕೊಂತ ನಾವು ಸಾಹೇಬರನ್ನೇ
ಬದಲು ಮಾಡಿಬಂದೀವಿ, ಹದಿನಾಕ್ನೂರು ಕೊಟ್ಟು.

ಎರಡು ವೈರಿಗೆ ಕಟ್ಟಿದ ಸಣ್ಣ ಬಲ್ಬು,
ಅದೇ ಆತನ ಕಂದೀಲು.
ಫ್ಯೂಜಿಗೆ ಹಿಡದ, ಹತ್ತಿತು: ‘ಇಲ್ಲಿ ತನಕ ಬಂದದ.’
ಚಾವಿಗೆ ಹಿಡದ: ‘ಇಲ್ಲಿ ತನಕಾನೂ ಬಂದದ.’
ಹಿಂದ ನಿಂತು ಕಬ್ಬಿನಹಾಲು ಕುಡಿಯೋ ಹುಡುಗ ಚಂದ್ರಶ್ಯಾ
ತನ್ನಷ್ಟಕ್ಕ ತಾನೇ ಅಂದ:
‘ಅಕ್ಕಾ ಬ್ರೇಕ್ ಹಿಡಿದ್ರ ಹಿಂದ ಕೆಂಪು ದೀಪ ಹತ್ತವಲ್ದು.’
ಎಂದಿನಿಂದ ಹತ್ತಿಲ್ಲೋ!
ಗಾಡಿ ಮ್ಯಾಲ ಕುಂತಾಕಿಗೆ ಬೆನ್ನು ಕಾಣ್ತದೇನು?

ಬ್ರೇಕ್ ಹಿಡೀದೆ ಈ ಗಾಡಿ ಶುರು ಆಗಂಗಿಲ್ಲ,
ಕಂಪನಿ ಕಾನೂನು.
ಬಲಗಡಿ ವೈರು ಹೋದ ವರ್ಷ ಯಾವನೋ ಕತ್ತರಿಸ್ಯಾನ,
ಉಳಿದದ್ದು ಎಡಗಡೀದು ಒಂದೇ.
ಲಾಡ್ಲೇಸಾಬ ಅದರ ಸ್ವಿಚ್ಚು ಬಿಚ್ಚಿ
ಅಂಗೈ ಮ್ಯಾಲ ತಟ್ಟಿದ.
ಜ್ವಾಳದ ಕಾಳಿನಷ್ಟು ತಾಮ್ರದ ಎರಡು ತುಟಿ,
ನಡುವ ಅಪ್ಪಚ್ಚಿ ಆದ
ಒಂದು ಕಟ್ಟಿರುವಿ.

‘ಸಿಹಿ ಎಲ್ಲಿಂದ ಬಂತು ಇಲ್ಲಿ?’
ನಾ ಸುಮ್ಮನಾದೆ.
ವಿಧವಾ ವೇತನ ಮಂಜೂರಾದ ದಿನ
ತಿಪ್ಪವ್ವ ಕಟ್ಟಿಕೊಟ್ಟಿದ್ದಳು ಮಾಲ್ದಿ,
ಬ್ಯಾಡ ಅಂದ್ರೂ.
ಎಡಗಡಿ ಹಿಡಿಕಿಗೆ ಚೀಲ ತೂಗಹಾಕಿ
ಫರಹತಾಬಾದ್ ದಾರಿ ತುಂಬ ಬೆಲ್ಲ ಉದುರಿಸಿಕೋತ
ಬಂದಿದ್ದೆ ನಾನು.

ಇರುವಿ ಊದಿದ. ಉಸುಕಿನ ಕಾಗದದಿಂದ
ತಾಮ್ರ ಕೆಂಪಾಗೋ ತನಕ ತಿಕ್ಕಿದ.
ಬ್ರೇಕ್ ಹಿಡಿದು ಒತ್ತಿದೆ.
‘ಹತ್ತೇತಿ!’ ಅಂದ ಚಂದ್ರಶ್ಯಾ ಹಿಂದಿನಿಂದ,
ಆ ಹೊತ್ತಿಗೆ ಎಂಜಿನ್ನೂ ಶುರು ಆಗಿ
ಅವನ ಮಾತು ಅರ್ಧ ಕೇಳಲಿಲ್ಲ.

ನಲವತ್ತು ರೂಪಾಯಿ. ಎಣಿಸಿ ಕೊಟ್ಟೆ, ಎಣಿಸಿ ತಗೊಂಡ.
ಆಮ್ಯಾಲ ಎಣ್ಣಿ ಕೈ ಅಂಗಿಗೆ ಒರೆಸಿ
ಕಿಸೆದಾಗಿಂದ ನಾಲ್ಕು ಮಡಿಕಿ ಕಾಗದ ತೆಗೆದ.
ರೇಷನ್ ಕಾರ್ಡಿನಾಗ ಹೆಂಡತಿ ಹೆಸರು
ರಮಜಾನಬೀ ಹೋಗಿ ರಾಮಜನಬಾಯಿ ಆಗ್ಯದ.
‘ಆರು ತಿಂಗಳಾತು ಅಕ್ಕಾ,
ಟಿಕ್ ಅಂತ ಸುದ್ದಾ ಅನ್ನವಲ್ದು.’

ಎಂಜಿನ್ ಬಂದ್ ಮಾಡಿದೆ.
‘ಮೊದಲನೇ ಮೇಜಿನ ರಸೀದಿ ಅದ ಏನು?’
ಅದ ಅಂದ.
ಬಿಸಲಿಗೆ ಹಿಡಿದು ನೋಡಿದೆ,
ತಾರೀಖು ಮಸುಕು,
ನಂಬರು ಕಾಣ್ತದ.