ಚೌಕಟ್ಟಿನಡಿಯ ನೀಲಿ

ತ್ರಿಯೆಸ್ತೆಯಲ್ಲಿ ಬೋರಾ ಗಾಳಿ ಬಾಗಿಲು ಗುದ್ದುತ್ತಿದ್ದ ದಿನ
ನೆರಿನಾ ಬಂದಳು, ಕಂಬಳಿ ಸುತ್ತಿದ ಹಡಗಿನ ಚಿತ್ರ ಹೊತ್ತು.
"ಹರಾಜಿನವರು ಅನ್ನುತ್ತಾರೆ: ಮೂಲ ಚೌಕಟ್ಟು, ಮುಟ್ಟಿದರೆ ಬೆಲೆ ಇಳಿದೀತು.
ಮಗಳು ಅನ್ನುತ್ತಾಳೆ: ಹುಳ ತಿಂದ ಕಟ್ಟಿಗೆ, ಒಲೆಗೆ ಹಾಕು.
ನೀನೇನನ್ನುತ್ತೀ, ಎರ್ವಿನೊ?"

ನಾನೇನೂ ಅನ್ನಲಿಲ್ಲ. ಮಗುಚಿ ಮೊಳೆ ಕಿತ್ತೆ, ಹನ್ನೊಂದು,
ಬೆಂಕಿಪೊಟ್ಟಣಕ್ಕೆ ಹಾಕಿಟ್ಟೆ.
ಹಿಂಬದಿಗೆ ಕಾಫಿ ಪೆಟ್ಟಿಗೆಯ ಹಲಗೆ;
ಅದರ ಗಂಟುಗಳೆಲ್ಲ ಆಕಾಶದಲ್ಲಿ ಕಂದು ಮೋಡ.
ಕಾಯಲು ನಿಂತದ್ದೇ
ಇಷ್ಟು ವರ್ಷ ಮೆಲ್ಲಗೆ ಕಾಯಿಸುತ್ತಿತ್ತು.

ಚಿತ್ರ ಎತ್ತಿದೆ.
ಚೌಕಟ್ಟಿನ ತುಟಿ ಕಚ್ಚಿಕೊಂಡಿದ್ದಲ್ಲಿ, ಸುತ್ತಲೂ
ಬೆರಳಗಲ ಸಮುದ್ರ,
ಬಿಸಿಲು ಕಾಣದ ನೀಲಿ.
ನಡುವಿನ ಕಡಲೆಲ್ಲ ಅಕ್ಕಿ ತೊಳೆದ ನೀರು.

ನೆರಿನಾ ಕನ್ನಡಕ ತೆಗೆದು ಒರೆಸಿದಳು.
"ಅಪ್ಪ ಹೇಳುತ್ತಿದ್ದ ನೀಲಿ.
ಬೊಗಳೆ ಅಂತ ನಗುತ್ತಿದ್ದೆವು."

ಅಂಚು ಬಿಟ್ಟು ಹೊಸದರಲ್ಲಿ ಕೂರಿಸಿದರೆ ಕಾಣುತ್ತದೆ,
ಕಂಡ ದಿನದಿಂದಲೇ ಮಾಸುತ್ತದೆ.
ಹಳೆಯದಕ್ಕೇ ಮರಳಿಸಿದರೆ ಉಳಿಯುತ್ತದೆ,
ಯಾರಿಗೂ ಅಲ್ಲದೆ.
ಎರಡನ್ನೂ ಹೇಳಿದೆ.

"ಸಂಜೆ ತನಕ ಮೇಜಿನ ಮೇಲೇ ಇರಲಿ" ಎಂದಳು.
ಕೋಟೂ ಬಿಚ್ಚದೆ ಕುರ್ಚಿ ಎಳೆದು ಕೂತಳು.

ನಾನೆದ್ದು ಕಿಟಕಿಯ ಪರದೆ ಎಳೆದೆ,
ಅರ್ಧ.