ಒರೆಗೆ ಹಚ್ಚಿದ ದೇಶ

ಭಟ್ಕಳದ ನನ್ನ ಅಂಗಡಿಗೆ ಬಂದು ಬಿಲ್ಕೀಸ್‌ಬಿ
ಕರ್ಚೀಫಿನ ಗಂಟು ಬಿಚ್ಚಿ
ತಕ್ಕಡಿಯಲ್ಲಿಟ್ಟಳು ಒಂದು ದೇಶ:
ಈ ಕಡೆ ಹಾಯಿದೋಣಿ, ಆ ಕಡೆ
ನನಗೆ ಓದಲು ಬಾರದ ತಾರೀಖು.

"ಮೊದಲ ಬಾವುಟದ ಕಂಬಕ್ಕೆ
ಗುಂಡಿ ತೋಡಿದ್ದು ನಮ್ಮವರೇ, ಶೇಟ್ರೇ.
ಮೂವತ್ತು ವರ್ಷ ದುಡಿದರೂ
ಅಲ್ಲಿಯವನೆಂಬ ಕಾಗದ ಕೊಡಲಿಲ್ಲ, ಇದು ಕೊಟ್ಟರು.
ಮೊಮ್ಮಗಳಿಗೆ ಜುಮುಕಿ ಮಾಡಿ."

ಒರೆಗೆ ಹಚ್ಚಿದೆ.
ಸ್ವಾತಂತ್ರ್ಯ ಇಪ್ಪತ್ತೆರಡು ಕ್ಯಾರೆಟ್, ಸುಳ್ಳಿಲ್ಲ.
ಅಂಚು ಮಾತ್ರ ಒಂದೇ ಕಡೆ ಸವೆದಿದೆ,
ಯಾರದೋ ಹೆಬ್ಬೆರಳು ದಿನಾ ತಿಕ್ಕಿದ ಹಾಗೆ.

ಬಿಳಿಗಾರ ಹಾಕಿ ಊದಿದೆ.
ಮೂಸೆಯಲ್ಲಿ ಮೊದಲು ಹೋದದ್ದು ತಾರೀಖು,
ಆಮೇಲೆ ಹಾಯಿ.
ದೋಣಿ ಕೊಂಚ ಹೊತ್ತು ನಿಂತಿತ್ತು,
ದಡ ಯಾವುದೆಂದು ಕೇಳುತ್ತ.

ಬಿಲ್ಕೀಸ್‌ಬಿ ನೋಡಲಿಲ್ಲ.
ಹೊರಗೆ, ಬುಟ್ಟಿ ಇಳಿಸಿದವಳ ಹತ್ತಿರ
ಬಂಗುಡೆಗೆ ಚೌಕಾಶಿ ನಡೆಸಿದ್ದಳು,
ಜೋರಾಗಿ.