ಹಿಡಿ

ಲುಬೊರ್ ಹ್ರುಬೆಶ್ ಹಸಿರು ಬಟ್ಟೆಯ ಮೇಲೆ
ಎರಡನ್ನೂ ಪಕ್ಕಪಕ್ಕ ಮಲಗಿಸಿದ.
ಒಂದೇ ಕಾರ್ಖಾನೆ, ಒಂದೇ ವರ್ಷ,
ನಂಬರಿನಲ್ಲಷ್ಟೇ ಹದಿನೇಳರ ಅಂತರ.
"ಅವಳಿ," ಅಂದ, "ಹೆತ್ತವಳಿಗೂ ಗುರುತು ಹತ್ತದು."

ಹೊರಗೆ ಓಸ್ತ್ರಾವಾದಲ್ಲಿ ಫೆಬ್ರವರಿಯ ಹಿಮ.
ಗಣಿಯ ಕಸ ಸುರಿದು ಸುರಿದು ಎದ್ದ ಗುಡ್ಡದ ಮೇಲೆ ಮಾತ್ರ
ಹಿಮ ನಿಲ್ಲುವುದಿಲ್ಲ,
ಒಳಗೆ ಇನ್ನೂ ಉರಿಯುತ್ತಿದೆಯಂತೆ.
ಬೆಳಗಿನ ಪಾಳಿಯ ಟ್ರಾಮು ಡಿಪೋಗೆ ಬಿಟ್ಟು
ಸಮವಸ್ತ್ರದಲ್ಲೇ ಬಂದಿದ್ದೆ.
ಬಲಗೈಯಲ್ಲಿ ಹಳಿಯ ಜುಮು ಇನ್ನೂ ಇಳಿದಿರಲಿಲ್ಲ.

ತಕ್ಕಡಿಗಿಟ್ಟ: ಒಂಬೈನೂರ ಅರವತ್ತೆರಡು ಗ್ರಾಂ.
ಇನ್ನೊಂದು: ಒಂಬೈನೂರ ಅರವತ್ತೆರಡು.
ಕುದುರೆಗೆ ಬೊಟ್ಟು ತೂಗಿಬಿಟ್ಟ.
ಐನೂರಕ್ಕೆ ಎರಡೂ ಹಲ್ಲು ಕಚ್ಚಿ ನಿಂತವು,
ಐನೂರ ಐದಕ್ಕೆ ಎರಡೂ ಬಿಟ್ಟುಕೊಟ್ಟವು.
ಹೊಸದಕ್ಕೆ ನಲವತ್ತೊಂದು ಸಾವಿರ ಕ್ರೌನು,
ಹಳೆಯದಕ್ಕೆ ಇಪ್ಪತ್ತಾರು.
ಹಳೆಯದೆಂದರೆ ಹಳೆಯದು ಹಿಡಿ ಮಾತ್ರ,
ಅಕ್ರೋಟು ಮರದ್ದು,
ದ್ರಾಹೊಮೀರಾಳ ಅಂಗೈಗೆಂದೇ ಕೆತ್ತಿದ್ದು.

ಹನ್ನೊಂದು ವರ್ಷ ನನ್ನ ಎಡಗಡೆಯ ಸಾಲಿನಲ್ಲಿ ನಿಂತವಳು.
ಪ್ರತಿ ಸಲ ಮೂರಂಕ ಮುಂದೆ, ನಾಲ್ಕಂಕ ಮುಂದೆ.
ಒಮ್ಮೆ ನಾನು ಗೆದ್ದೆ; ಆ ದಿನ ಅವಳಿಗೆ ಜ್ವರ.
ಈಗ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾಳೆ.
ಅದರ ಮಾತು ನಾವಿಬ್ಬರೂ ಎತ್ತಿಲ್ಲ.

"ಕಣ್ಣು ಮುಚ್ಚು," ಅಂದ ಲುಬೊರ್.
"ತೋಳು ಎತ್ತು. ಅರ್ಧ ಉಸಿರು ಬಿಡು. ಈಗ ತೆರೆ."
ಹೊಸದು: ತುದಿಯ ಮುಳ್ಳು
ಕಂಡಿಯ ಎಡಗೋಡೆಗೆ ಒರಗಿತ್ತು,
ಬಸ್ಸಿಗೆ ಕಾದು ಬೇಸತ್ತವನ ಹಾಗೆ.
ಮತ್ತೊಮ್ಮೆ. ಮತ್ತೆ ಎಡಕ್ಕೇ.
ಹಳೆಯದು: ಕಣ್ಣು ತೆರೆದರೆ
ಮುಳ್ಳು ನಟ್ಟನಡುವೆ,
ಎರಡು ಬದಿಗೂ ಸಮಸಮ ಬೆಳಕಿನ ಗೆರೆ.
ಯಾರೋ ಮನೆ ಗುಡಿಸಿ
ಬೀಗದ ಕೈ ಬಾಗಿಲಲ್ಲೇ ಬಿಟ್ಟು ಹೋದ ಹಾಗೆ.

ನನಗೆ ಸಂತೋಷವಾಗಲಿಲ್ಲ.

ಹಿಂದಿನ ಕೋಣೆಯಲ್ಲಿ ಹತ್ತು ಮೀಟರಿನ ದಾರಿ,
ಬಲ್ಬಿನ ಕೆಳಗೊಂದು ಕಾಗದ.
ಹೊಸದರಲ್ಲಿ ಐದು: ಒಂಬತ್ತು, ಎಂಟು, ಹತ್ತು,
ಒಂಬತ್ತು, ಎಂಟು. ಕೋಳಿ ಕೆದರಿದಂತೆ ಚದುರಿದವು.
ಹಳೆಯದರಲ್ಲಿ ಐದಕ್ಕೂ ಒಂದೇ ತೂತು,
ಹುರುಳಿಕಾಳಿನಷ್ಟು.
ಆದರೆ ಕಪ್ಪಿನ ನಡುವಲ್ಲ,
ಬಲಕ್ಕೆ, ಕೆಳಗೆ, ಏಳರ ಬಳೆಯಲ್ಲಿ.

ಲುಬೊರ್ ಕಾಗದವನ್ನು ಕಿಟಕಿಗೆ ಹಿಡಿದ.
ಹೇಳಲೋ ಬೇಡವೋ ಎಂದು ಮೀಸೆ ಕಡಿದ.
ನನಗೆ ಅಷ್ಟರಲ್ಲಿ ತಿಳಿದಿತ್ತು.
ಅವಳ ಬೆರಳು ಎಡಕ್ಕೆ ಜಗ್ಗುತ್ತಿತ್ತು, ಮೇಲಕ್ಕೆ.
ಆ ತಪ್ಪನ್ನು ತಿದ್ದಿಕೊಳ್ಳದೆ
ತಪ್ಪಿಗೆ ತಕ್ಕಂತೆ ಕಂಡಿಯನ್ನೇ ಸರಿಸಿದ್ದಳು,
ಒಂದೊಂದೇ ಟಿಕ್ಕು, ಯಾರಿಗೂ ಕೇಳಿಸದಂತೆ.
ಹನ್ನೊಂದು ವರ್ಷ ನಾನು ಓರೆಗಣ್ಣಲ್ಲಿ ನೋಡಿ ಕರುಬಿದ್ದು
ಕಲ್ಲಿನ ಹಾಗೆ ನಿಂತ ಕೈಯನ್ನಲ್ಲ.

ಹಳೆಯದನ್ನೇ ಕೊಂಡೆ.
ದುಡ್ಡು ಉಳಿಯಿತಲ್ಲ ಎಂದೆ ಲುಬೊರ್‌ಗೆ.
ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಸಣ್ಣ ತಿರುಪುಳಿ ಹಿಡಿದು ತಿರುಗಿಸಿದೆ:
ಎಡಕ್ಕೆ ಒಂಬತ್ತು, ಮೇಲಕ್ಕೆ ಆರು.
ನೆನಪಿರಲೆಂದು ಟ್ರಾಮಿನ ವೇಳಾಪಟ್ಟಿಯ ಬೆನ್ನಿಗೆ
ಬರೆದುಕೊಂಡೆ. ಯಾಕೆಂದು ಕೇಳಬೇಡಿ.

ಶನಿವಾರ ಕ್ಲಬ್ಬಿನಲ್ಲಿ ಅಂಕ ಬರೆಯಲು ಕೂತಿದ್ದಳು.
ಹತ್ತಿರ ಕರೆದು, ಪಿಸ್ತೂಲನ್ನಲ್ಲ,
ನನ್ನ ಕೈಯನ್ನು ತಿರುಗಿಸಿ ನೋಡಿದಳು.
"ಹೆಬ್ಬೆರಳ ಬುಡದಲ್ಲಿ ಸ್ವಲ್ಪ ಅರ ಹಾಕಿಸು,
ನಿನ್ನದು ದಪ್ಪ.
ಎಷ್ಟು ಟಿಕ್ಕು ತಿರುಗಿಸಿದೆ?"
"ಒಂದೂ ಇಲ್ಲ," ಅಂದೆ.

ಲೋಟ ಕೆಳಗಿಟ್ಟಳು. ಸ್ವಲ್ಪ ಚೆಲ್ಲಿತು.
"ಪಾಪ," ಅಂದಳು, ನಗು ತಡೆಯದೆ,
"ಹಾಗಾದರೆ ನಿನಗೂ ಅದೇ ರೋಗ."